ಬಿಸಿ ಲ್ಯಾಪ್‌ಟಾಪಿನೊಳಗೊಂದು ಹೊಲ

ಗೋಕಾಕದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಬಿಟ್ಟುಬಂದ ಸ್ಟೂಲಿನ ಮೇಲೆ ಈಗ ಹೊಸಬರು ಕುಳಿತಿದ್ದಾರೆ. ಕೈ ಚುರುಕು, ಕಣ್ಣು ಚುರುಕು, ಬಾಯಿಯಂತೂ ಕೇಳಲೇಬೇಡಿ. ಯಾರಾದರೂ ಲ್ಯಾಪ್‌ಟಾಪು ತಂದು, “ಬಿಸಿ ಆಗ್ತೈತ್ರಿ, ಆಟ ಆಡೂ ಮುಂದ ಬಂದ್ ಬೀಳ್ತೈತಿ” ಎಂದರೆ ಸಾಕು, ಗಿರಾಕಿ ಮಾತು ಮುಗಿಸುವುದರೊಳಗೆ ಹಿಂದಿನ ಮುಚ್ಚಳ ಬಿಚ್ಚಿರುತ್ತಾರೆ. ಬಿಚ್ಚುವುದೇನು ದೊಡ್ಡ ವಿದ್ಯೆಯಲ್ಲ, ಮಂಗನ ಕೈಗೆ ಕೊಟ್ಟರೂ ಬಿಚ್ಚುತ್ತದೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಓದಿದರೆ ಸಂತೋಷ, ಓದದಿದ್ದರೆ ಅವರ ನಸೀಬು.

ನಮ್ಮದು ಬಿಸಿಯ ಜೊತೆಗೇ ಬದುಕಿದ ಮನೆತನ. ಅಜ್ಜ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅಪ್ಪ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರು. ನಾನು ಟಿವಿಯಿಂದ ಶುರು ಮಾಡಿ ಕಂಪ್ಯೂಟರಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಬಂದೆ. ಟಿವಿಯ ಕಾಲದಲ್ಲಿ ಮೂಗೇ ನಮ್ಮ ಮೀಟರು. ಹಿಂದಿನ ಡಬ್ಬಿ ತೆಗೆದು ಮೂಸಿದರೆ ಯಾವ ಮೂಲೆಯಲ್ಲಿ ಏನು ಸುಟ್ಟಿದೆ ಎಂಬುದು ತಿಳಿಯುತ್ತಿತ್ತು. ಇವತ್ತಿಗೂ ಒಲೆಯ ಮೇಲೆ ಸಾರು ಹೊತ್ತಿದಾಗ ನನ್ನ ಹೆಂಡತಿ, “ಆ ಮೂಗು ಅಂಗಡ್ಯಾಗಷ್ಟ ಕೆಲಸ ಮಾಡ್ತಿತ್ತೇನು?” ಎಂದು ಕೇಳುತ್ತಾಳೆ. ಲ್ಯಾಪ್‌ಟಾಪು ಬಂದ ಮೇಲೆ ಮೂಗಿಗೆ ಕೆಲಸ ಕಡಿಮೆಯಾಯಿತು. ಅದು ಸುಡುವ ಮೊದಲೇ ಜಾಣತನ ಮಾಡಿ ತಾನಾಗಿಯೇ ಆರಿಹೋಗುತ್ತದೆ. ಆಟ ಆಡುವಾಗ ಅದಕ್ಕೆ ದುಡಿಮೆ ಹೆಚ್ಚು, ಹೀಗಾಗಿ ಬಿಸಿಯೂ ಹೆಚ್ಚು. ಒಳಗೊಂದು ಸಣ್ಣ ಫ್ಯಾನು ತಿರುಗಿ ಆ ಬಿಸಿಯನ್ನು ಹೊರಗೆ ನೂಕುತ್ತದೆ. ನೂಕಲಾಗದಿದ್ದರೆ ಫಟ್ ಎಂದು ಬಂದ್. ಇಷ್ಟು ತಿಳಿದರೆ ಅರ್ಧ ರಿಪೇರಿ ತಿಳಿದಂತೆ. ಇನ್ನರ್ಧ ಗಿರಾಕಿಯ ಮನೆಯಲ್ಲಿರುತ್ತದೆ.

ಗಿರಾಕಿಗಳೇನು ಸಾಮಾನ್ಯರಲ್ಲ. ಘೋಡಗೇರಿಯ ಕಿರಾಣಿ ಅಂಗಡಿಯವರೊಬ್ಬರು ಒಮ್ಮೆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಮೇಜಿನ ಮೇಲಿಟ್ಟರೆ ಕೆಳಗೆ ನೀರು ಹನಿಯುತ್ತಿತ್ತು.

“ಮಳ್ಯಾಗ ತೋಯ್ತೇನ್ರಿ?” ಎಂದೆ.

“ಮಳಿ ಎಲ್ಲೈತ್ರಿ? ಭಾಳ ಕಾಯಾಕತ್ತಿತ್ತು, ಅದಕ ಫ್ರಿಜ್ಜಿನಾಗ ಇಟ್ಟಿದ್ದೆ. ಹಾಲಿನ ಬಾಜೂಕ.”

ಟವೆಲು ಬಿಚ್ಚಿ ಬಕೆಟ್ಟಿನ ಮೇಲೆ ಹಿಂಡಿದೆ. ಅವರಿಗೆ ಅದು ಅಪಮಾನವೆನಿಸಿತು. “ಹಾಲ ಕೆಟ್ಟಿಲ್ರಿ, ಮಸರ ಕೆಟ್ಟಿಲ್ಲ. ಇದೊಂದ ಯಾಕ ಕೆಟ್ಟಿತು?” ಎಂದು ನನ್ನನ್ನೇ ದಬಾಯಿಸಿದರು.

ನಮ್ಮ ಮಾಲಕರು ಬಸಲಿಂಗಪ್ಪಣ್ಣ ಅದಕ್ಕಿಂತ ಒಂದು ಕೈ ಹೆಚ್ಚು. ಮೊದಲು ಪಂಪ್‌ಸೆಟ್ ಮಾರುತ್ತಿದ್ದವರು, ಊರೆಲ್ಲ ಕಂಪ್ಯೂಟರ್ ಎನ್ನತೊಡಗಿದಾಗ ಬೋರ್ಡು ಬದಲಿಸಿದರು. ಒಳ್ಳೆಯ ಮನುಷ್ಯ. ಪಗಾರ ತಪ್ಪಿಸಿದವರಲ್ಲ, ಊಟದ ಹೊತ್ತಿಗೆ ಕೆಲಸ ಹೇಳಿದವರಲ್ಲ. ಆದರೆ ಅವರಿಗೆ ಗೊತ್ತಿದ್ದ ಔಷಧ ಒಂದೇ. “ಮೌಲಾ, ಫಾರ್ಮ್ಯಾಟ್ ಹೊಡಿ!” ಅಂದರೆ ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬು ಎಂದು. ಕೀಲು ಮುರಿದ ಲ್ಯಾಪ್‌ಟಾಪು ಬಂದರೂ ಫಾರ್ಮ್ಯಾಟ್ ಹೊಡಿ, ಚಹಾ ಚೆಲ್ಲಿದ್ದು ಬಂದರೂ ಫಾರ್ಮ್ಯಾಟ್ ಹೊಡಿ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸಾಮಿ ಅವರು. ಒಂದು ಸಲ ಅಂಗಡಿಯ ಬೀಗ ತೆರೆಯದೆ ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದಾಗ, ಈಗ ಅದನ್ನೂ ಹೇಳುತ್ತಾರೇನೋ ಎಂದು ಅವರ ಬಾಯನ್ನೇ ನೋಡುತ್ತಿದ್ದೆ.

ಈ ಔಷಧದಿಂದ ಒಬ್ಬಾಕೆಯ ಹೊಲ ಮುಳುಗುವುದರಲ್ಲಿತ್ತು. ಆ ಕಥೆಯನ್ನೇ ನಾನು ಹೇಳಬೇಕಾಗಿರುವುದು.

ಮೂಡಲಗಿ ಕಡೆಯ ತುಕ್ಕಾನಟ್ಟಿಯಿಂದ ಸುಜಾತಾ ಎಂಬ ಹೆಣ್ಣುಮಗಳು ಲ್ಯಾಪ್‌ಟಾಪು ತಂದಿದ್ದಳು. ಹುಕ್ಕೇರಿ ತವರು. ಕಾಲೇಜು ಓದುವಾಗ ತವರಿನವರು ಕೊಡಿಸಿದ ಲ್ಯಾಪ್‌ಟಾಪನ್ನು ಮದುವೆಯಾದ ಮೇಲೆ ಗಂಡನ ಮನೆಗೆ ತಂದುಕೊಂಡಿದ್ದಳು. ದೂರು ಮಾಮೂಲಿಯದೇ. ಅದರಲ್ಲೊಂದು ಒಕ್ಕಲುತನದ ಆಟವಿದೆ. ಹೊಲ ಕೊಳ್ಳಬೇಕು, ಟ್ರ್ಯಾಕ್ಟರ್ ಹೊಡೆಯಬೇಕು, ಬಿತ್ತಬೇಕು, ಕಟಾವು ಮಾಡಬೇಕು. ಆ ಆಟ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪು ಹಂಚಿನಂತೆ ಕಾದು ಬಂದ್ ಬೀಳುತ್ತದೆ. ಹಾಗೆ ಬಿದ್ದಾಗಲೆಲ್ಲ ಆ ದಿನ ಮಾಡಿದ ಕೆಲಸ ಹೋಗುತ್ತದೆ. ಒಂದು ಸಲವಂತೂ ಬೆಳೆದುನಿಂತ ಗೋವಿನಜೋಳದ ಪಟ್ಟಿಯೇ ಮಾಯವಾಗಿತ್ತಂತೆ.

ಬಿಚ್ಚಿ ನೋಡಿದೆ. ಫ್ಯಾನಿನ ತುಂಬ ಬಿಳಿಯ ಬೂದಿ. ಧೂಳಲ್ಲ, ನಯವಾದ ಬೂದಿ. ಮುಟ್ಟಿ ಮೂಸಿದೆ, ವಿಭೂತಿ. ಗಾಳಿ ಹೊರಬರುವ ಜಾಲರಿಯ ಮೇಲೆ ಕುಂಕುಮ, ತಳದ ರಬ್ಬರಿನ ಕಾಲಿಗೆ ಲಿಂಬೆಹಣ್ಣಿನ ರಸ ಒಣಗಿ ಅಂಟಿತ್ತು. ದರ್ಗಾದ ಓಣಿಯಿಂದ ಬರುವ ಲ್ಯಾಪ್‌ಟಾಪುಗಳಲ್ಲಿ ಲೋಬಾನದ ಹೊಗೆಯ ಜಿಡ್ಡು ಕಂಡಿದ್ದೇನೆ, ನಮ್ಮ ಮನೆಯದರಲ್ಲೂ ಕಂಡಿದ್ದೇನೆ. ದೇವರ ಮೇಲಿನ ಭಕ್ತಿಯನ್ನು ಜನ ಫ್ಯಾನಿನ ಮೂಲಕವೇ ತೋರಿಸುತ್ತಾರೆ. ಬ್ರಶ್ಶಿನಿಂದ ಒರೆಸಿ, ಊದಿ, ಚಿಪ್ಪಿನ ಬಿಸಿ ಎಳೆಯುವ ಪೇಸ್ಟು ಒಣಗಿದ್ದನ್ನು ಕೆರೆದು ಹೊಸದು ಸವರಿ ಕಳಿಸಿದೆ. “ಇನ್ನ ಏನೂ ಆಗೂದಿಲ್ಲ ಯವ್ವಾ, ನಿಶ್ಚಿಂತಿ ಆಡು” ಎಂದು ಎದೆ ಉಬ್ಬಿಸಿ ಹೇಳಿದೆ.

ಮುಂದಿನ ವಾರದ ಸಂತೆ ಬರುವುದರೊಳಗೆ ಮತ್ತೆ ಬಂದಳು. ಮತ್ತೆ ಬಂದ್ ಬೀಳುತ್ತಿದೆ.

ಅಂಗಡಿಯ ಮೇಜಿನ ಮೇಲಿಟ್ಟು ಅದೇ ಆಟ ಹಚ್ಚಿದೆ. ಮಧ್ಯಾಹ್ನವೆಲ್ಲ ಓಡಿತು. ಫ್ಯಾನು ಸುಂಯ್ ಎನ್ನುತ್ತಿತ್ತು, ಕೈಯಿಟ್ಟರೆ ಬೆಚ್ಚಗಷ್ಟೇ ಇತ್ತು. ಬಸ್ ಸ್ಟ್ಯಾಂಡಿಗೆ ಹೋಗುವವರು ನಿಂತು ನೋಡಿ, “ಪೈರ ಛಲೋ ಬಂದೈತಿ” ಎಂದು ಹೇಳಿ ಹೋದರು. ಯಂತ್ರದಲ್ಲಿ ಐಬಿಲ್ಲ ಎಂದಮೇಲೆ ಮನೆಯ ಕರೆಂಟು ಸರಿಯಿಲ್ಲ ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ, ರಿಪೇರಿಯವರಿಗೆ ದಾರಿ ತಪ್ಪಿದಾಗ ಕರೆಂಟು ಬಹಳ ಒಳ್ಳೆಯ ಆಸರೆ.

ಬಸಲಿಂಗಪ್ಪಣ್ಣ ಅಲ್ಲೇ ಇದ್ದರು. “ಕರೆಂಟ ಗಿರೆಂಟ ಅಲ್ಲೋ. ಒಳಗ ಕಸಾ ತುಂಬೇತಿ. ಫಾರ್ಮ್ಯಾಟ್ ಹೊಡಿ!”

ಸುಜಾತಾಳ ಮುಖ ಸುಣ್ಣ ಹಚ್ಚಿದಂತಾಯಿತು. “ಬ್ಯಾಡ್ರಿ ಅಣ್ಣಾರ! ಅದರಾಗ ಹೊಲ ಐತ್ರಿ!”

“ಆಟದ ಹೊಲಾ ತಗೊಂಡ ಏನ್ ಮಾಡ್ತಿಯವಾ? ಮತ್ತೊಂದ ಬರ್ತೈತಿ.”

“ಮತ್ತೊಂದ ಬರೂದಿಲ್ರಿ” ಎಂದಳು. ದನಿ ಅಳುವಿನಂಚಿಗೆ ಬಂದಿತ್ತು.

ಈಗಿನವರು ಕೇಳುತ್ತೀರಿ, ಪೆನ್ ಡ್ರೈವಿಗೆ ನಕಲು ಮಾಡಿಟ್ಟುಕೊಂಡು ಅಳಿಸಬಹುದಿತ್ತಲ್ಲ ಎಂದು. ಮಾಡಿದೆನಪ್ಪ, ನಾನೂ ಅಷ್ಟು ದಡ್ಡನಲ್ಲ. ಆಟ ಯಾರೋ ಯಾವುದೋ ಸಿಡಿಯಿಂದ ಹಾಕಿಕೊಟ್ಟಿದ್ದು. ಕೈಗೆ ಸಿಕ್ಕ ಫೋಲ್ಡರನ್ನೆಲ್ಲ ನಕಲು ಮಾಡಿ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಬಯಲು. ಒಂದು ಹುಲ್ಲುಕಡ್ಡಿ ಇಲ್ಲ. ಅಳಿಸಿದರೆ ಹೊಲ ಹೋದಂತೆಯೇ ಎಂದು ಖಾತ್ರಿಯಾಯಿತು. ಮಾಲಕರು ಒಂದು ಮಾತಿಗೆ ಒಪ್ಪಿದರು: ಇನ್ನೊಂದೇ ಸಲ ನೋಡು, ಆಮೇಲೆ ಫಾರ್ಮ್ಯಾಟ್.

“ಯವ್ವಾ, ನೀ ಮನ್ಯಾಗ ಹ್ಯಾಂಗ ಆಡ್ತಿ, ಹಂಗ ಒಂದೀಟು ಆಡಿ ತೋರಿಸು” ಎಂದೆ. ಕುಳಿತಳು. ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು, ಬೇಲಿ ಮುರಿಯಿತು, ಕೊನೆಗೆ ಕಣಜದ ಗೋಡೆಗೆ ಮೂಗು ಹಚ್ಚಿ ನಿಂತು ಗುರುಗುಟ್ಟತೊಡಗಿತು. ಅಷ್ಟು ಅಚ್ಚುಕಟ್ಟಾದ ಹೊಲ, ಒಂದು ಸಾಲು ಸೊಟ್ಟಗಿಲ್ಲ, ಬದುವಿಗೆ ಸರಿಯಾಗಿ ಗಿಡ ಹಚ್ಚಿದೆ. ಇದು ಈಕೆಯ ಕೈಯ ಕೆಲಸವಲ್ಲ.

“ಖರೆ ಹೇಳು. ಇದ ಯಾರ ಹೊಲ?”

ಆಚೆ ಈಚೆ ನೋಡಿದಳು. “ಕಾಕಾ, ಯಾರ ಮುಂದೂ ಹೇಳಬ್ಯಾಡ್ರಿ. ನಮ್ಮ ಅತ್ತೀದು. ಮಾವಾರಿಗೆ ಗೊತ್ತಾದ್ರ ದೊಡ್ಡ ಗೊಂದಲ ಆಗ್ತೈತಿ.”

ಅತ್ತೆ ಸೊಸೆ ಒಂದಾಗಿ ಮಾವನ ಕಣ್ಣಿಗೆ ಮಣ್ಣೆರಚುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಖುಷಿಯಾಯಿತು ಎಂದೇ ಹೇಳಬೇಕು. ಹುತ್ತ ಬಡಿದರೆ ಹಾವು ಸಾಯುವುದಿಲ್ಲ, ಮನೆಗೇ ಹೋಗಿ ನೋಡಬೇಕು ಎಂದು ತೀರ್ಮಾನಿಸಿ, ಲ್ಯಾಪ್‌ಟಾಪನ್ನು ಸುಜಾತಾಳ ಕೈಯಲ್ಲೇ ಕಳಿಸಿ, ಕರೆಂಟು ತಪಾಸಣೆಯ ನೆಪ ಮಾಡಿಕೊಂಡು ಮರುದಿನ ತುಕ್ಕಾನಟ್ಟಿಗೆ ಹೊರಟೆ.

ಅಂಗಳದಲ್ಲಿ ಟ್ರ್ಯಾಕ್ಟರು, ಪಡಸಾಲೆಯಲ್ಲಿ ಭೀಮಪ್ಪಣ್ಣ. ಸುಜಾತಾಳ ಮಾವ. ಬಿಳಿ ಧೋತರ, ತಲೆಗೆ ಪಟಗ, ಹಣೆಗೆ ವಿಭೂತಿ. ತಾವೇ ಎದ್ದು ಬಂದು ಕರೆದರು, ಚಹಾ ಹೇಳಿದರು, ಆಮೇಲೆ ಭಾಷಣ ಶುರು ಮಾಡಿದರು.

“ಕರೆಂಟಿಗೆ ಏನೂ ಆಗಿಲ್ರಿ ಮೌಲಾಸಾಬ್ರ. ನಮ್ಮ ಸೊಸಿ ಆಟಾ ಆಡಿ ಆಡಿ ಅದನ್ನ ಸುಟ್ಟಾಳ. ಒಕ್ಕಲುತನದ ಆಟ ಅಂತ. ಒಕ್ಕಲುತನಾ ಏನ್ ಆಟ ಏನ್ರಿ? ನಾ ಹುಟ್ಟಿದಾಗಿಂದ ಮಾಡಾಕತ್ತೇನಿ, ಒಂದಿನಾ ಆಟ ಅನಿಸಿಲ್ಲ.”

“ಖರೆ ಐತ್ರಿ” ಎಂದೆ. ಚಹಾ ಕುಡಿಯುತ್ತಿದ್ದವನು ಬೇರೆ ಏನು ಹೇಳಲಿ?

“ಮತ್ತ ಇನ್ನೊಂದ ಕೇಳ್ರಿ. ಮಧ್ಯಾಹ್ನ ಒಂದ ಕಣ್ಣ ಮುಚ್ಚಬೇಕಂದ್ರ, ಯಾವನೋ ಓಣ್ಯಾಗ ಟ್ರ್ಯಾಕ್ಟರ್ ತರ್ತಾನ. ಸಪ್ಪಳಾ ಸಣ್ಣಾಗಿ ಕೇಳ್ತೈತಿ. ಎದ್ದ ಹೊರಗ ಬಂದ್ರ ಯಾರೂ ಇಲ್ಲ. ವಯಸ್ಸಾತು ನೋಡ್ರಿ, ಕಿವ್ಯಾಗ ಟ್ರ್ಯಾಕ್ಟರ್ ಹೊಕ್ಕೈತಿ.”

ನಾನು ಚಹಾದ ಬಸಿಯಲ್ಲಿ ಮುಖ ಮರೆಸಿದೆ. ಸುಜಾತಾ ಅವಸರದಿಂದ, “ಕಾಕಾ, ಒಳಗಿನ ಬೋರ್ಡ್ ನೋಡ ಬರ್ರಿ” ಎಂದು ಎಬ್ಬಿಸಿಕೊಂಡು ಹೋದಳು.

ಒಳಕೋಣೆಗೆ ಕಿಟಕಿಯೇ ಇಲ್ಲ. ಮಂಚದ ಮೇಲೆ ಅತ್ತೆ ಗಂಗವ್ವಕ್ಕ ಕುಳಿತಿದ್ದರು. ದೊಡ್ಡ ಕುಂಕುಮ, ತಲೆತುಂಬ ಸೆರಗು, ಕೈತುಂಬ ಹಸಿರು ಬಳೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಣ್ಣಾ, ಹೊರಗ ಕುಂತಾರಲ್ಲ, ಅವರ ಕಿವಿಗೆ ಹೋಗಬಾರದು.”

“ಇಲ್ರಿ ಅಕ್ಕಾರ. ನೀವ್ ಹ್ಯಾಂಗ ಆಡ್ತೀರಿ, ಅಷ್ಟ ತೋರಸ್ರಿ.”

ತೋರಿಸಿದರು. ತೊಡೆಯ ಮೇಲೆ ಮಡಿಸಿದ ಕೌದಿ. ಅದರ ಮೇಲೆ ಲ್ಯಾಪ್‌ಟಾಪು. ಅದರ ಮೇಲೆ ಇನ್ನೊಂದು ಕೌದಿ, ಪರದೆಯಷ್ಟೇ ಹೊರಗೆ, ಕೈಯೆರಡೂ ಒಳಗೆ. ಹಳೆಯ ಸೀರೆಗಳ ಪದರ ಸೇರಿಸಿ ಒತ್ತೊತ್ತಾಗಿ ಹೊಲಿದ ಕೌದಿ ಎಂದರೆ ಮಾಘದ ಚಳಿಗೂ ಜಗ್ಗುವುದಿಲ್ಲ. ಆ ಬಡಪಾಯಿ ಯಂತ್ರ ಅದರೊಳಗೆ ಕಾವಿಗೆ ಕುಳಿತ ಕೋಳಿಯ ಕೆಳಗಿನ ತತ್ತಿಯಂತೆ ಕುಳಿತಿತ್ತು. ಫ್ಯಾನಿಗೆ ಗಾಳಿ ಬರುವ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ. ಅಂಗಡಿಯಲ್ಲಿ ಎಷ್ಟು ಸಲ ಬಿಚ್ಚಿದರೂ ಇದು ಸಿಗುತ್ತಿತ್ತೇ?

“ಕೌದಿ ಯಾಕ್ರಿ ಅಕ್ಕಾರ?”

“ಸಪ್ಪಳಾ ಹೊರಗ ಹೋಗತೈತಲ್ಲ! ಅವರು ಟ್ರ್ಯಾಕ್ಟರ್ ಸಪ್ಪಳಾ ಊರ ಆಚಿಗಿದ್ರೂ ಹಿಡೀತಾರ.”

“ಸಪ್ಪಳಾ ಬಂದ್ ಮಾಡಾಕ ಬರ್ತೈತ್ರಿ. ಈ ಗುಂಡಿ ಒತ್ತಿದ್ರ ಆತು.”

ನಾನೇನೋ ಕೆಟ್ಟ ಮಾತು ಆಡಿದೆನೆಂಬಂತೆ ನೋಡಿದರು. “ಸಪ್ಪಳಾ ಇಲ್ಲದ್ದು ಎಂಥಾ ಟ್ರ್ಯಾಕ್ಟರ್ ಅಣ್ಣಾ?”

ಸರಿ, ವಿಭೂತಿ ಯಾಕೆ ಎಂದೂ ಕೇಳಿದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಅಮಾವಾಸ್ಯೆಗೆ ಅಂಗಳದ ಟ್ರ್ಯಾಕ್ಟರಿಗೆ ಪೂಜೆ ಮಾಡುತ್ತಾರೆ, ವಿಭೂತಿ ಹಚ್ಚುತ್ತಾರೆ, ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಾರೆ. “ಇದರಾಗೂ ಟ್ರ್ಯಾಕ್ಟರ್ ಐತಲ್ಲ, ಇದನ್ನ ಬಿಟ್ಟ ಅದಕಷ್ಟ ಹ್ಯಾಂಗ ಮಾಡಬೇಕು?” ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ, ನಾನು ಕೇಳದೆಯೇ, ತಾವಾಗಿ ಹೇಳಿದರು. ಮನೆಗೆ ಮೊದಲ ಟ್ರ್ಯಾಕ್ಟರ್ ಬಂದಾಗ ಒಂದು ಸಲ ಹೊಡೆದು ನೋಡುತ್ತೇನೆ ಎಂದು ಗಂಡನನ್ನು ಕೇಳಿದ್ದರಂತೆ. ಆಳುಗಳ ಎದುರಿಗೇ ಅವರು ನಕ್ಕುಬಿಟ್ಟರಂತೆ. “ನಕ್ಕಿದ್ದು ಹೋಗ್ಲಿ. ಲಗ್ನಾ ಆಗಿ ಬಂದಾಗಿಂದ ಆ ಹೊಲದಾಗ ಕಳೇ ತಗದೇನಿ, ಬುತ್ತಿ ಹೊತ್ತೇನಿ. ಈ ವರ್ಷ ಯಾವ ಪಟ್ಟಿಗೆ ಏನ್ ಹಾಕೂಣು ಅಂತ ಒಂದಿನಾ ನನ್ನ ಕೇಳಿಲ್ಲ. ಇದರಾಗ ನಾನಽ ಕೊಂಡೇನಿ, ನಾನಽ ಬಿತ್ತೇನಿ. ಇದು ಹೋಗಬಾರದ ಅಣ್ಣಾ.”

ನನಗೆ ಕಣ್ಣು ತುಂಬಿ ಬಂತು. ರಿಪೇರಿಯ ಕೆಲಸದಲ್ಲಿ ಅದು ಒಳ್ಳೆಯದಲ್ಲ, ಸ್ಕ್ರೂ ಕಾಣುವುದಿಲ್ಲ. ಮೂಗು ಒರೆಸಿಕೊಂಡು ಇದ್ದ ಸಂಗತಿ ಹೇಳಿದೆ. ಈ ಯಂತ್ರಕ್ಕೆ ಬೇಕಾದ್ದು ಹೊಸ ಸಾಮಾನಲ್ಲ, ಗಾಳಿ. ಕೌದಿ ಬಿಡಬೇಕು, ಗಟ್ಟಿ ಹಲಗೆಯ ಮೇಲಿಡಬೇಕು, ಕಿಟಕಿಯಿಲ್ಲದ ಈ ಕೋಣೆಯಿಂದ ಹೊರಗೆ ತರಬೇಕು. ಇಲ್ಲದಿದ್ದರೆ ಮತ್ತೆ ಬಂದ್ ಬೀಳುತ್ತದೆ. ಬಿದ್ದರೆ ನಮ್ಮ ಮಾಲಕರು ಅಳಿಸದೆ ಬಿಡುವುದಿಲ್ಲ. ಅವರು ಅಳಿಸದಿದ್ದರೂ ಇದೇ ಒಂದು ದಿನ ಹೊಲವನ್ನು ನುಂಗುತ್ತದೆ.

“ಗಾಳಿ ಎಲ್ಲಿ ಛಲೋ ಐತಿ?” ಎಂದು ಕೇಳಿದೆ.

ಗಂಗವ್ವಕ್ಕ ಬಾಗಿಲ ಕಡೆ ನೋಡಿದರು. ಸುಜಾತಾ ಮೆಲ್ಲಗೆ, “ಪಡಸಾಲ್ಯಾಗ” ಎಂದಳು.

ಹೊರಗೆ ಭೀಮಪ್ಪಣ್ಣ ಕೆಮ್ಮುವುದು ಕೇಳುತ್ತಿತ್ತು. ಆಮೇಲೆ ಗಂಗವ್ವಕ್ಕ ಮೇಲಿನ ಕೌದಿ ತೆಗೆದರು, ಕೆಳಗಿನದನ್ನೂ ತೆಗೆದರು, ಎರಡನ್ನೂ ಮಡಿಸಿ ಮಂಚದ ಮೇಲಿಟ್ಟರು. ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿಕೊಂಡು ಎದ್ದರು. “ಸುಜಾತಾ, ಮಣಿ ತಾ” ಎಂದು ಹೇಳಿ ನಡೆದೇಬಿಟ್ಟರು. ನಾನು ಚಾರ್ಜರು ಹಿಡಿದು ಅವರ ಹಿಂದೆ ಓಡಿದೆ. ಗಂಡ ಹೆಂಡಿರ ನಡುವೆ ಕರೆಂಟಿನವನಿಗೆ ಏನು ಕೆಲಸ?

ಪಡಸಾಲೆಯ ನಡುವೆ, ಫ್ಯಾನಿನ ಕೆಳಗೆ ಮಣೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪಿಟ್ಟು, ಎದುರಿಗೆ ಚಾಪೆ ಹಾಸಿ ಕುಳಿತರು. ಆಟ ತೆರೆಯಿತು. ಕೀಲಿ ತಿರುಗಿಸಿದರು. ಟ್ರ್ಯಾಕ್ಟರ್ ಢಗಢಗ ಎಂದಿತು.

ಭೀಮಪ್ಪಣ್ಣ ತಟ್ಟನೆ ಎದ್ದು ಬಾಗಿಲಿಗೆ ಹೋಗಿ ಓಣಿ ನೋಡಿದರು. ಯಾರೂ ಇಲ್ಲ. ತಿರುಗಿ ನಿಂತರು. ಸಪ್ಪಳ ಹೆಂಡತಿಯ ಎದುರಿನಿಂದ ಬರುತ್ತಿತ್ತು. ಬಾಯಿ ತೆರೆದುಕೊಂಡೇ ಹತ್ತಿರ ಬಂದರು.

“ಇದೇನ?”

“ಕಾಣೂದಿಲ್ಲೇನ್ರಿ? ಟ್ರ್ಯಾಕ್ಟರ್.” ಗಂಗವ್ವಕ್ಕ ತಲೆ ಎತ್ತಲಿಲ್ಲ. ಕಟಾವಿನ ಸಾಲು ಹಿಡಿದಿದ್ದರು.

“ಯಾರ ಹೊಲಾ ಇದು?”

“ನಂದು.”

ಮುಂದೆ ಏನಾಗುತ್ತದೋ ಎಂದು ನಾನು ಲ್ಯಾಪ್‌ಟಾಪಿನ ಬಾಜೂಕ ಕೈಯಿಟ್ಟು ಕುಳಿತೆ. ಕಾವು ನೋಡುವವನಂತೆ ಕಾಣಬೇಕಲ್ಲ. ಬಿಸಿ ಗಾಳಿ ಸರಾಗವಾಗಿ ಹೊರಗೆ ಬರುತ್ತಿತ್ತು. ಭೀಮಪ್ಪಣ್ಣ ನಿಂತೇ ನೋಡಿದರು. ಒಂದು ಸಾಲು ಮುಗಿಯಿತು. ತಿರುವಿನಲ್ಲಿ ಟ್ರ್ಯಾಕ್ಟರ್ ಬದುವಿಗೆ ತಾಗದಂತೆ ಸುತ್ತು ಹೊಡೆದು ಮುಂದಿನ ಸಾಲು ಹಿಡಿಯಿತು. ಇನ್ನೊಂದು ಮುಗಿಯಿತು. ದಿನಾ ಬಂದ್ ಬೀಳುತ್ತಿದ್ದ ಹೊತ್ತು ದಾಟಿಹೋಯಿತು ಎಂದು ಸುಜಾತಾ ಕಣ್ಣಲ್ಲೇ ಹೇಳಿದಳು. ಅಡಿಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಯಂತ್ರ ಆರಲಿಲ್ಲ. ಹೊಲ ಉಳಿಯಿತು. ನನ್ನ ರಿಪೇರಿ ಅಲ್ಲಿಗೆ ಮುಗಿದಿತ್ತು, ಎದ್ದು ಹೊರಡಬೇಕಿತ್ತು. ಆದರೆ ಅಂಥ ಹೊತ್ತಿನಲ್ಲಿ ಯಾವ ಮೂರ್ಖ ಎದ್ದು ಹೋಗುತ್ತಾನೆ?

ಭೀಮಪ್ಪಣ್ಣ ಮೊಣಕಾಲೂರಿ ಬಗ್ಗಿದರು. ಪರದೆಯ ಹತ್ತಿರ ಬೆರಳು ತಂದರು. “ಆ ಮೂಲ್ಯಾಗ ಒಂದೀಟು ಉಳೀತ ನೋಡು. ಹಂಗ ಬಿಡತಾರೇನು? ಸರೀ ಅತ್ತಾಗ, ನಾ ಹೊಡೀತೇನಿ.”

ಗಂಗವ್ವಕ್ಕ ಟ್ರ್ಯಾಕ್ಟರ್ ನಿಲ್ಲಿಸಿದರು. ಆಗ ಮೊದಲ ಸಲ ಗಂಡನ ಮುಖ ನೋಡಿದರು. ಜಾಗ ಬಿಡಲಿಲ್ಲ.

“ಇದು ನನ್ನ ಹೊಲಾ. ಒಬ್ಬ ಆಳ ಬೇಕಾಗ್ಯಾನ. ಕೂಲಿಗೆ ಬರೂದಾದ್ರ ಬರ್ರಿ.”

ಭೀಮಪ್ಪಣ್ಣ ನನ್ನ ಕಡೆ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಸೊಸೆಯ ಕಡೆ ನೋಡಿದರು. ಆಕೆ ಒಳಗೆ ಸರಿದಳು. ಕೊನೆಗೆ ತಲೆಯ ಪಟಗ ತೆಗೆದು ಪಕ್ಕಕ್ಕಿಟ್ಟು, ಹೆಂಡತಿಯ ಬದಿಯಲ್ಲಿ ನೆಲದ ಮೇಲೆ ಕುಳಿತರು.

“ಎಲ್ಲಿಂದ ಸುರು ಮಾಡ್ಲಿ, ಹೇಳು” ಎಂದರು.